ಬಾಂಡ್ ನೋಡಿದ್ದೆವು, 999 ನೋಡಿರಲಿಲ್ಲ

ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಯಾವುದು ಮೇಲು ಅಂತ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲಾ ಜಗಳ ಆಡಿದವರು ನಾವು. ಕಾನರಿಯಿಂದ ಕ್ರೇಗ್‌ವರೆಗೆ ಆರೂ ನಟರ ಹೆಸರು ನಮಗೆ ಬಾಯಿಪಾಠ. ಕನ್ನಡಕ್ಕೂ ಒಬ್ಬ ಗೂಢಚಾರ ಇದ್ದ, ಅವನ ನಂಬರ್ 999 ಅಂತ ಗೊತ್ತಾಗಿದ್ದು ಮಾತ್ರ ಕಾಖಂಡಕಿಯಲ್ಲಿ.

ಕಾರ ಹುಣ್ಣಿಮೆ ಆದಮೇಲೆ ನಡೆಯುವ ಕರಿ ನೋಡಲು ಗೆಳೆಯನ ಊರಿಗೆ ಹೋಗಿದ್ದೆವು. ಎತ್ತುಗಳ ಓಟ ಮುಗಿದ ರಾತ್ರಿ ಮಾತು ಬಾಂಡ್ ಕಡೆ ಹೊರಳಿತು. ಹೊರಸಿನ ಮೇಲೆ ಮಲಗಿದ್ದ ಅಜ್ಜ ಎದ್ದು ಕುಳಿತರು. ನಿಮ್ಮ ಬಾಂಡ್ ಇರಲಿ, ನಮ್ಮ ರಾಜಕುಮಾರನ 999 ನೋಡೀರೇನು ಅಂತ ಕೇಳಿದರು. ನಾವು ಸುಮ್ಮನಾದೆವು. ಎರಡು ರಾತ್ರಿ ಮೊಬೈಲನ್ನು ಟಿವಿಗೆ ಜೋಡಿಸಿ ನಾಲ್ಕೂ ಚಿತ್ರ ನೋಡಿದೆವು. ನೋಡ್ತಾ ನೋಡ್ತಾ 999ಕ್ಕಿಂತ ಅವನಾಗಿ ನಟಿಸಿದ ಮನುಷ್ಯನ ಬದುಕೇ ದೊಡ್ಡ ಕಥೆ ಅನ್ನಿಸಿತು.

ಅಣ್ಣಾವ್ರು ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಮನೆಯವರಿಟ್ಟ ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟ. ಹುಡುಗ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ಬೇಡರ ಕಣ್ಣಪ್ಪ ಬಂತು, ಮುತ್ತುರಾಜ ರಾಜ್‌ಕುಮಾರ್ ಆದರು. ಮುಂದೆ ಕನಕದಾಸ, ಹರಿಶ್ಚಂದ್ರ, ಮಂತ್ರಾಲಯದ ರಾಘವೇಂದ್ರ ಸ್ವಾಮಿ... ಜನ ಅವರನ್ನು ದೇವರ ಕೋಣೆಯಲ್ಲೇ ಇಟ್ಟುಬಿಟ್ಟಿದ್ದರು.

ಕಾಖಂಡಕಿಯವರಿಗೆ ವೇಷ ಬದಲಾಗೋದು ಹೊಸದಲ್ಲ. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಮಹೀಪತಿದಾಸರು ಅಧಿಕಾರ ಬಿಟ್ಟು ದಾಸರಾಗಿ ನೆಲೆಸಿದ್ದು ಇದೇ ಊರಲ್ಲಿ. ಅಣ್ಣಾವ್ರ ದಾರಿ ಉಲ್ಟಾ. ಪರದೆಯ ಮೇಲಿನ ದಾಸ 39ನೇ ವಯಸ್ಸಿನಲ್ಲಿ ಪಿಸ್ತೂಲು ಹಿಡಿದರು.

1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿ.ಐ.ಡಿ. 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂರು ವರ್ಷನ್ ಪಟಪಟ ರಿಲೀಸ್! ನಾಲ್ಕನೆಯದಾದ ಆಪರೇಷನ್ ಡೈಮಂಡ್ ರಾಕೆಟ್ ಬಂದಿದ್ದು 1978ರಲ್ಲಿ. ಎಲ್ಲಕ್ಕೂ ದೊರೈ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ.

ಬಿಗಿಯಲ್ಲಿ ನಮ್ಮ ಓಟು ಜೇಡರ ಬಲೆಗೆ. ಕಪ್ಪು-ಬಿಳುಪಿನ ನೆರಳೇ ಅರ್ಧ ಕೆಲಸ ಮಾಡುತ್ತೆ. ಗೋವಾ ಚಿತ್ರದಲ್ಲಿ ಊರೇ ಆಕರ್ಷಣೆ. ಪೋರ್ಚುಗೀಸರಿಂದ ಗೋವಾ ಬಿಡುಗಡೆಯಾಗಿ ಆಗಿನ್ನೂ ಏಳು ವರ್ಷ ಆಗಿತ್ತಷ್ಟೇ. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದಿದ್ದೂ ಅದರಲ್ಲೇ. ಜಾಕ್‌ಪಾಟ್‌ನಲ್ಲಿ ನಾಯಕಿ ರೇಖಾ, ಮುಂದೆ ಹಿಂದಿಯಲ್ಲಿ ಮೆರೆದ ಅದೇ ರೇಖಾ. ಕಥೆ ಮಾತ್ರ ನಮಗೆ ಸ್ವಲ್ಪ ಸಪ್ಪೆ ಅನ್ನಿಸಿತು.

ಆದರೆ ಒಂದೇ ಆರಿಸಿ ಅಂದರೆ ಡೈಮಂಡ್ ರಾಕೆಟ್. ಕಲರ್ ಇದೆ, ನೇಪಾಳ ಇದೆ, ಆದರೂ ಕಾರಣ ಅದಲ್ಲ. ನಡುವಿನ ಒಂಬತ್ತು ವರ್ಷದಲ್ಲಿ ಇದೇ ದೊರೈ-ಭಗವಾನ್ ಜೊತೆ ಕಸ್ತೂರಿ ನಿವಾಸ, ಎರಡು ಕನಸು ಮಾಡಿ ಅಣ್ಣಾವ್ರು ಬೇರೆಯೇ ನಟರಾಗಿದ್ದರು. ಮೊದಲು ಅವರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. 1974ರ ಸಂಪತ್ತಿಗೆ ಸವಾಲ್ ನಂತರ ಅವರದೇ ದನಿ. ಡೈಮಂಡ್ ರಾಕೆಟ್‌ನ ಇಂಗ್ಲಿಷ್ ಹಾಡನ್ನು ನಾವು ರೀಲ್ಸ್‌ನಲ್ಲಿ ನೋಡಿ ನಕ್ಕವರೇ. ಚಿತ್ರದಲ್ಲಿ ನೋಡಿದಾಗ ನಗು ನಿಂತಿತು. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಮನುಷ್ಯ 49ನೇ ವಯಸ್ಸಿನಲ್ಲಿ ಯಾವ ಹಿಂಜರಿಕೆಯೂ ಇಲ್ಲದೆ ಇಂಗ್ಲಿಷ್‌ನಲ್ಲಿ ಹಾಡ್ತಾರೆ. ಇಂಗ್ಲಿಷ್ ಮೀಡಿಯಂನ ನಾವು ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಕೆ ಹೆದರ್ತೀವಿ. ನಾಲ್ಕು ವರ್ಷದ ನಂತರ, 1982ರಲ್ಲಿ, ಗೋಕಾಕ್ ಚಳವಳಿಗೆ ಇಳಿದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ್ದೂ ಅದೇ ಮನುಷ್ಯ.

ಕೊನೆಯ ಚಿತ್ರ ಮುಗಿದಾಗ ಅಜ್ಜ 2000ದ ಮಾತು ತೆಗೆದರು. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಅಣ್ಣಾವ್ರನ್ನು ಅಪಹರಿಸಿದ. ಅವರಿಗೆ 71 ವರ್ಷ. ಪರದೆಯ ಮೇಲೆ ಎಷ್ಟೋ ಜನರನ್ನು ಬಿಡಿಸಿ ತಂದವರನ್ನು ಬಿಡಿಸೋಕೆ ಯಾವ 999 ಕೂಡ ಬರಲಿಲ್ಲ. 108 ದಿನ ಕಾಡಿನಲ್ಲಿದ್ದು ನವೆಂಬರ್ 15ರಂದು ಹೊರಬಂದರು. ಅಷ್ಟೂ ದಿನ ಅಜ್ಜ ಬೆಳಗಾದರೆ ರೇಡಿಯೋ ಮುಂದೆ ಕೂರುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಗಂಟಲು ಕಟ್ಟಿತು.

2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು. ನಾವು ಹುಟ್ಟಿದ್ದು ಅದೇ ಆಸುಪಾಸಿನಲ್ಲಿ. ಬಾಂಡ್‌ಗೆ ಆರು ನಟರು ಸಿಕ್ಕರು, ನಮ್ಮ ಪಾಲಿಗೆ 999 ಅಂದರೆ ಒಬ್ಬರೇ. ಸೆಮ್ ಮುಗಿದ ಮೇಲೆ ನಾಲ್ಕನ್ನೂ ಸಾಲಾಗಿ ನೋಡಿ. ಆಗುವುದಾದರೆ ಮನೆಯ ಹಿರಿಯರ ಪಕ್ಕ ಕೂತು ನೋಡಿ.