ಷರತ್ತಿಲ್ಲದ ಪ್ರಮಾಣಕ್ಕೆ ಒಪ್ಪದ ಮೇಷ್ಟ್ರು

ಸರ್ಕಾರಿ ಕೆಲಸಕ್ಕೆ ಸೇರುವ ದಿನ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ವರ್ಷಗಟ್ಟಲೆ ಓದಿ, ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದ ಖುಷಿಯಲ್ಲಿ ಅದರಲ್ಲಿ ಏನಿದೆ ಎಂದು ಎಷ್ಟು ಜನ ಓದುತ್ತಾರೋ ಗೊತ್ತಿಲ್ಲ. 1934ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಅಂಥದ್ದೊಂದು ಪ್ರಮಾಣವನ್ನು ಓದಿದರು. ಅದಕ್ಕೆ ಒಂದೇ ಒಂದು ಷರತ್ತು ಸೇರಿಸಲು ಅವಕಾಶ ಕೇಳಿದರು. ಅಷ್ಟಕ್ಕೇ ಕೆಲಸ ಕಳೆದುಕೊಂಡರು. ಅವರ ಹೆಸರು ಕಾರ್ಲ್ ಬಾರ್ತ್ (1886–1968). ಕಳೆದ ಶತಮಾನದಲ್ಲಿ ಕ್ರೈಸ್ತ ದೈವಶಾಸ್ತ್ರ ಓದಿದವರು ಯಾವ ದೇಶದವರೇ ಆಗಲಿ, ಈ ಹೆಸರನ್ನು ದಾಟಿ ಹೋಗಿರಲಾರರು. ಉಳಿದವರಿಗೆ ಅವರ ಪರಿಚಯ ಕಡಿಮೆ.

ಬಾರ್ತ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಆ ಊರಿನ ಹೆಸರು ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಷನ್‌ನ ಊರು ಅದೇ. ಬಾರ್ತ್‌ರ ತಂದೆಯೂ ದೈವಶಾಸ್ತ್ರದ ಅಧ್ಯಾಪಕರು. ಮಗ ಬರ್ನ್, ಬರ್ಲಿನ್, ಟ್ಯೂಬಿಂಗನ್, ಮಾರ್ಬರ್ಗ್ ಎಂದು ನಾಲ್ಕು ಕಡೆ ಓದಿದರು. ಬರ್ಲಿನ್‌ನಲ್ಲಿ ಅಡಾಲ್ಫ್ ಹಾರ್ನಾಕ್, ಮಾರ್ಬರ್ಗ್‌ನಲ್ಲಿ ವಿಲ್ಹೆಲ್ಮ್ ಹೆರ್ಮನ್ ಅವರ ಗುರುಗಳು. ಇಬ್ಬರೂ ಆ ಕಾಲದ ದೊಡ್ಡ ಹೆಸರುಗಳು. ವಿದ್ಯಾರ್ಥಿಗೆ ಅವರ ಮೇಲೆ ಅಪಾರ ಗೌರವವಿತ್ತು.

ಆ ಗೌರವಕ್ಕೆ ಏಟು ಬಿದ್ದದ್ದು 1914ರಲ್ಲಿ. ಮೊದಲ ಮಹಾಯುದ್ಧ ಶುರುವಾಗಿತ್ತು. ಅಕ್ಟೋಬರ್ 4ರಂದು ಜರ್ಮನಿಯ 93 ವಿದ್ವಾಂಸರು ಮತ್ತು ಕಲಾವಿದರು ತಮ್ಮ ದೇಶದ ಯುದ್ಧವನ್ನು ಪೂರ್ತಿಯಾಗಿ ಸಮರ್ಥಿಸುವ ಹೇಳಿಕೆಯೊಂದನ್ನು ಹೊರಡಿಸಿದರು. ಸಹಿ ಹಾಕಿದವರಲ್ಲಿ ಹಾರ್ನಾಕ್ ಇದ್ದರು, ಹೆರ್ಮನ್ ಇದ್ದರು. ಬಾರ್ತ್ ಆಗ ಸಾಫೆನ್‌ವಿಲ್ ಎಂಬ ಸ್ವಿಸ್ ಹಳ್ಳಿಯ ಚರ್ಚಿನ ಸಭಾಪಾಲಕರು, ವಯಸ್ಸು ಇಪ್ಪತ್ತೆಂಟು. ತರಗತಿಯಲ್ಲಿ ಧರ್ಮ, ನೀತಿ ಹೇಳಿಕೊಟ್ಟವರು ಸರ್ಕಾರ ಕರೆದ ಕೂಡಲೇ ಅದರ ಹಿಂದೆ ಹೋಗಿ ನಿಂತರಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಇವರ ರಾಜಕೀಯ ಹೀಗಿದ್ದರೆ ಇವರು ಕಲಿಸಿದ ಪಾಠದಲ್ಲೇ ಎಲ್ಲೋ ಹುಳುಕಿರಬೇಕು ಎಂದು ಅವರಿಗೆ ಅನ್ನಿಸಿತು. ಮುಂದಿನ ಅವರ ಬದುಕೆಲ್ಲ ಈ ಅನುಮಾನದ ಬೆನ್ನು ಹತ್ತಿ ಹೋದದ್ದು ಎಂದು ನನಗೆ ತೋರುತ್ತದೆ.

ಹಾಗೆಂದು ಬಾರ್ತ್ ರಾಜಕೀಯದಿಂದ ದೂರ ಇದ್ದವರಲ್ಲ. ಸಾಫೆನ್‌ವಿಲ್‌ನ ಜವಳಿ ಕಾರ್ಖಾನೆಗಳ ಕೂಲಿಕಾರರು ಅತಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರು. ಅವರಿಗೆ ಕಾರ್ಮಿಕ ಕಾನೂನು ವಿವರಿಸುವುದು, ಸಂಘ ಕಟ್ಟಲು ನೆರವಾಗುವುದು ಸಭಾಪಾಲಕರ ಕೆಲಸವೇ ಎಂದು ಅವರು ನಂಬಿದರು. ಕಾರ್ಖಾನೆಯ ಮಾಲೀಕರು ಸಿಟ್ಟಾದರು. ಊರಿನಲ್ಲಿ ಕೆಂಪು ಪಾದ್ರಿ ಎಂಬ ಅಡ್ಡಹೆಸರು ಬಂತು. 1915ರಲ್ಲಿ ಅವರು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಸದಸ್ಯತ್ವವನ್ನೇ ಪಡೆದರು. ಆದರೆ ಯುರೋಪಿನ ಸಮಾಜವಾದಿ ಪಕ್ಷಗಳೂ ಯುದ್ಧದ ಅಲೆಯಲ್ಲಿ ಕೊಚ್ಚಿಹೋದದ್ದನ್ನು ಅವರು ಮರೆಯಲಿಲ್ಲ. ಪಕ್ಷದ ಚೀಟಿ ಜೇಬಿನಲ್ಲಿತ್ತು, ಪಕ್ಷವೇ ದೇವರಾಜ್ಯ ಎಂಬ ಭ್ರಮೆ ಇರಲಿಲ್ಲ.

ಇದೇ ಹಳ್ಳಿಯಲ್ಲಿ ಕುಳಿತು ಅವರು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ವ್ಯಾಖ್ಯಾನ ಬರೆದರು. ಯಾವ ದೇಶ, ಸಂಸ್ಕೃತಿ, ಪಕ್ಷವೂ ದೇವರನ್ನು ತನ್ನ ಕಡೆಯವನು ಎಂದು ಹೇಳಿಕೊಳ್ಳುವಂತಿಲ್ಲ ಎಂಬುದು ಅದರ ಒಳಗಿನ ಕಿಚ್ಚು. ಆ ಪುಸ್ತಕ ಅವರಿಗೆ 1921ರಲ್ಲಿ ಗಟಿಂಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ತಂದುಕೊಟ್ಟಿತು. ಪಿಎಚ್‌.ಡಿ, ನೆಟ್ ಎಂದು ತಲೆಕೆಡಿಸಿಕೊಂಡಿರುವ ಗೆಳೆಯರಿಗೆ ಒಂದು ವಿಷಯ: ಬಾರ್ತ್ ಡಾಕ್ಟರೇಟ್‌ಗಾಗಿ ಪ್ರಬಂಧ ಬರೆದವರೇ ಅಲ್ಲ. 1922ರಲ್ಲಿ ಬಂದದ್ದು ಗೌರವ ಡಾಕ್ಟರೇಟ್. 1925ರಲ್ಲಿ ಮ್ಯೂನ್‌ಸ್ಟರ್‌ಗೆ, 1930ರಲ್ಲಿ ಬಾನ್‌ಗೆ ಹೋದರು.

ಇಲ್ಲಿ ಒಂದು ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. ಜರ್ಮನಿಯಲ್ಲಿ ಸಭಾಪಾಲಕರಾಗುವವರು ಓದುತ್ತಿದ್ದುದು ಸರ್ಕಾರಿ ವಿಶ್ವವಿದ್ಯಾಲಯಗಳ ದೈವಶಾಸ್ತ್ರ ವಿಭಾಗಗಳಲ್ಲಿ. ಪಾಠ ಚರ್ಚಿನದು, ಸಂಬಳ ಸರ್ಕಾರದ್ದು. ಪ್ರಾಧ್ಯಾಪಕರೆಂದರೆ ಸರ್ಕಾರಿ ನೌಕರರು. ಹೀಗಿರುವಾಗ ಅವರು ಉತ್ತರ ಹೇಳಬೇಕಾದ್ದು ಯಾರಿಗೆ? ಒಳ್ಳೆಯ ಕಾಲದಲ್ಲಿ ಈ ಪ್ರಶ್ನೆ ಯಾರಿಗೂ ಏಳಲಿಲ್ಲ.

ಅದು ಎದ್ದದ್ದು ಹಿಟ್ಲರ್ ಬರುವುದಕ್ಕೂ ಮುಂಚೆಯೇ. ಗ್ಯೂಂಟರ್ ಡೇನ್ ಎಂಬ ಸಭಾಪಾಲಕರು 1928ರಲ್ಲಿ ಮಾಗ್ಡೆಬರ್ಗ್‌ನಲ್ಲಿ ಮಾಡಿದ ಭಾಷಣದಲ್ಲಿ, ಯುದ್ಧದ ಸಾವನ್ನು ಕ್ರೈಸ್ತ ತ್ಯಾಗಕ್ಕೆ ಸಮ ಮಾಡುವುದು ಸರಿಯೇ, ಸೈನಿಕರ ಸ್ಮಾರಕಗಳು ಚರ್ಚಿನ ಒಳಗೆ ಇರಬೇಕೇ ಎಂದು ಕೇಳಿದ್ದರು. ಆಮೇಲೆ ಹಾಲೆ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿದಾಗ ನಾತ್ಸಿ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರು. ಪಾಠ ಮಾಡಲು ಬಿಡಲಿಲ್ಲ. ಗಟಿಂಗನ್‌ನ ಇಮಾನ್ಯುಯೆಲ್ ಹಿರ್ಶ್ ಎಂಬ ಪ್ರಾಧ್ಯಾಪಕರು, ಬಾರ್ತ್‌ರ ಹಳೆಯ ಸಹೋದ್ಯೋಗಿ, ವಿದ್ಯಾರ್ಥಿಗಳ ಪರವಾಗಿಯೇ ಮಾತಾಡಿದರು. ಬಾರ್ತ್ ಡೇನ್ ಪರ ನಿಂತರು. 1932ರಲ್ಲಿ ಪತ್ರಿಕೆಯಲ್ಲಿ ಬರೆದು, ಡೇನ್ ಒಬ್ಬರನ್ನೇ ಏಕೆ ಹಿಡಿದುಕೊಂಡಿದ್ದೀರಿ, ಅವರ ಮಾತಿನ ಹಿಂದಿರುವ ದೈವಶಾಸ್ತ್ರ ನನ್ನದೇ, ಧೈರ್ಯವಿದ್ದರೆ ನನ್ನೊಡನೆ ವಾದಕ್ಕೆ ಬನ್ನಿ ಎಂಬ ಅರ್ಥದ ಸವಾಲು ಹಾಕಿದರು. ಸಹೋದ್ಯೋಗಿಗೆ ಕಷ್ಟ ಬಂದಾಗ ಇಲಾಖೆಯ ಒಳಜಗಳ ಎಂದು ಪಕ್ಕಕ್ಕೆ ಸರಿಯುವುದು ಸುಲಭವಿತ್ತು. ಬಾರ್ತ್‌ರ ಬಹಳಷ್ಟು ಸಮಕಾಲೀನರು ಮಾಡಿದ್ದು ಅದನ್ನೇ. ಡೇನ್ ಅವರನ್ನು 1933ರಲ್ಲಿ ವಜಾ ಮಾಡಲಾಯಿತು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಬಾರ್ತ್ 1931ರಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ್ದರು. ಸರ್ಕಾರಿ ಹುದ್ದೆಯಲ್ಲಿರುವವರು ಸದಸ್ಯತ್ವ ಬಿಟ್ಟರೂ ಪರವಾಗಿಲ್ಲ, ಮನಸ್ಸಿನಲ್ಲಿ ನಮ್ಮವರಾಗಿದ್ದರೆ ಸಾಕು ಎಂದು ಪಕ್ಷವೇ ಸಲಹೆ ಕೊಟ್ಟಿತು. ಅದೇ ಪಕ್ಷದಲ್ಲಿದ್ದ ಇನ್ನೊಬ್ಬ ಪ್ರಸಿದ್ಧ ದೈವಶಾಸ್ತ್ರಜ್ಞ ಪಾಲ್ ಟಿಲಿಕ್ ಕೂಡ ಈ ದಾರಿ ಸರಿ ಎಂದರು. ಬಾರ್ತ್ ಒಪ್ಪಲಿಲ್ಲ. ತನ್ನನ್ನು ಪ್ರಾಧ್ಯಾಪಕನಾಗಿ ಬೇಕೆನ್ನುವವರು ಈ ಸದಸ್ಯತ್ವದ ಸಮೇತ ಒಪ್ಪಿಕೊಳ್ಳಬೇಕು ಎಂಬುದು ಅವರ ನಿಲುವು. ಶಿಕ್ಷಣ ಮಂತ್ರಿ ಬರ್ನ್‌ಹಾರ್ಡ್ ರುಸ್ಟ್‌ಗೆ ನೇರವಾಗಿ ಪತ್ರ ಬರೆದು ತಾನು ಯಾವ ಪಕ್ಷದವನೆಂದು ತಿಳಿಸಿ, ಪಾಠ ಮುಂದುವರಿಸಬಹುದೇ ಎಂದು ಕೇಳಿದರು. ಆ ಬೇಸಿಗೆಗೆ ಅನುಮತಿಯೂ ಸಿಕ್ಕಿತು! ಆದರೆ ಜೂನ್‌ನಲ್ಲಿ ಪಕ್ಷವನ್ನೇ ನಿಷೇಧಿಸಿದರು. ಟಿಲಿಕ್ ಆಗಲೇ ಅಮಾನತಾಗಿದ್ದರು, ಮುಂದೆ ಅಮೆರಿಕಕ್ಕೆ ಹೋದರು.

ಚರ್ಚಿನ ಒಳಗೇ ಜರ್ಮನ್ ಕ್ರೈಸ್ತರು ಎಂಬ ಗುಂಪು ಹುಟ್ಟಿಕೊಂಡಿತ್ತು. ಹಿಟ್ಲರ್‌ನ ಉದಯದಲ್ಲಿ ದೇವರ ಕೈವಾಡ ಕಂಡವರು ಇವರು. ಯಹೂದಿ ಮೂಲದ ಸಭಾಪಾಲಕರನ್ನು ಚರ್ಚಿನಿಂದ ಹೊರಗಿಡಬೇಕೆಂಬುದು ಇವರ ಬೇಡಿಕೆ. ಇದಕ್ಕೆ ಪ್ರಾಧ್ಯಾಪಕರ ಬೆಂಬಲವೂ ಕಡಿಮೆ ಇರಲಿಲ್ಲ. ಗಟಿಂಗನ್‌ನಲ್ಲಿ ಹಿರ್ಶ್ ಇದ್ದರು. ಟ್ಯೂಬಿಂಗನ್‌ನಲ್ಲಿ ಗೆರ್ಹಾರ್ಡ್ ಕಿಟೆಲ್ ಇದ್ದರು (ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಬೇರೆ, ಅವರು 1903ರಲ್ಲೇ ತೀರಿಕೊಂಡಿದ್ದರು). ಇವರು ಓದಿಲ್ಲದವರಲ್ಲ. ಗ್ರೀಕ್, ಹೀಬ್ರೂ ಅರೆದು ಕುಡಿದವರು.

1933ರ ಜೂನ್ ಕೊನೆಯಲ್ಲಿ ಬಾರ್ತ್ ಒಂದು ಕಿರುಪುಸ್ತಕ ಬರೆದು ಅದರ ಪ್ರತಿಯನ್ನು ಹಿಟ್ಲರ್‌ಗೂ ಕಳಿಸಿದರು. ಮರುವರ್ಷ ನಿಷೇಧವಾಗುವ ಹೊತ್ತಿಗೆ ಸುಮಾರು 37,000 ಪ್ರತಿಗಳು ಅಚ್ಚಾಗಿದ್ದವು. ಅದರ ವಾದ ಇಂದಿನ ನಮಗೆ ವಿಚಿತ್ರವೆನಿಸಬಹುದು. ಏನೂ ಆಗಿಲ್ಲವೆಂಬಂತೆ ದೈವಶಾಸ್ತ್ರವನ್ನು, ಬರೀ ದೈವಶಾಸ್ತ್ರವನ್ನು ಮುಂದುವರಿಸುತ್ತೇನೆ ಎಂದರು ಅವರು. ಊರು ಹೊತ್ತಿ ಉರಿಯುವಾಗ ಇದೆಂಥ ಮಾತು ಎಂದು ಕೇಳಿದವರು ಆಗಲೂ ಇದ್ದರು. ಆದರೆ ಎಲ್ಲ ವಿಷಯವನ್ನೂ ಜನಾಂಗ, ನಾಯಕ, ಕ್ರಾಂತಿ ಎಂಬ ಮೂರು ಪದಗಳ ಅಡಿಗೆ ತರುತ್ತಿದ್ದ ಕಾಲದಲ್ಲಿ ಪಾಠವನ್ನು ಬದಲಿಸುವುದಿಲ್ಲ ಎನ್ನುವುದೇ ಪ್ರತಿಭಟನೆಯಾಗಿತ್ತು. ತರಗತಿಯ ಆರಂಭದಲ್ಲಿ ಕೈ ಎತ್ತಿ ಹಿಟ್ಲರ್ ವಂದನೆ ಮಾಡಬೇಕೆಂಬ ಆದೇಶ ಬಂದಾಗಲೂ ಬಾರ್ತ್ ಮಾಡಲಿಲ್ಲ. ಅವರ ತರಗತಿ ಕೀರ್ತನೆ ಮತ್ತು ಪ್ರಾರ್ಥನೆಯಿಂದಲೇ ಶುರುವಾಗುತ್ತಿತ್ತು.

1934ರ ಮೇ 29ರಿಂದ 31ರವರೆಗೆ ಬಾರ್ಮೆನ್ ಪಟ್ಟಣದಲ್ಲಿ ನಾತ್ಸಿಗಳಿಗೆ ಮಣಿಯದ ಚರ್ಚುಗಳ ಪ್ರತಿನಿಧಿಗಳು ಸೇರಿ ಆರು ಅಂಶಗಳ ಘೋಷಣೆ ಹೊರಡಿಸಿದರು. ಚರ್ಚು ಯೇಸುಕ್ರಿಸ್ತನ ಮಾತನ್ನಲ್ಲದೆ ಬೇರೆ ಯಾವ ಅಧಿಕಾರವನ್ನೂ ದೇವರ ವಾಣಿ ಎಂದು ಒಪ್ಪದು ಎಂಬುದು ಅದರ ತಿರುಳು. ಬಹುಪಾಲು ಬಾರ್ತ್‌ರೇ ಬರೆದದ್ದು. ಅದರಲ್ಲಿ ಯಹೂದಿಗಳ ಬಗ್ಗೆ ಒಂದು ಮಾತೂ ಇಲ್ಲ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅದೇ ಆಗಸ್ಟ್‌ನಲ್ಲಿ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡರು. ಹಿಟ್ಲರ್ ಆ ಅಧಿಕಾರವನ್ನೂ ತೆಗೆದುಕೊಂಡ. ಎಲ್ಲ ಸರ್ಕಾರಿ ನೌಕರರು ಇನ್ನು ಅವನಿಗೇ, ಹೆಸರು ಹಿಡಿದು, ನಿಷ್ಠೆ ಮತ್ತು ವಿಧೇಯತೆಯ ಪ್ರಮಾಣ ಮಾಡಬೇಕೆಂದು ಕಾನೂನಾಯಿತು. ಹಿಂದಿನ ಗಣರಾಜ್ಯದಲ್ಲಿ ನಿಷ್ಠೆ ಇದ್ದದ್ದು ಸಂವಿಧಾನಕ್ಕೆ, ಈಗ ಒಬ್ಬ ಮನುಷ್ಯನಿಗೆ. ಬಾರ್ತ್ ಪ್ರಮಾಣವನ್ನು ಸಾರಾಸಗಟಾಗಿ ತಿರಸ್ಕರಿಸಲಿಲ್ಲ. ಕ್ರೈಸ್ತನಾಗಿ ತನ್ನ ಹೊಣೆಗೆ ಒಪ್ಪುವಷ್ಟರ ಮಟ್ಟಿಗೆ ಎಂಬ ಮಾತನ್ನು ಸೇರಿಸಲು ಅವಕಾಶ ಕೊಟ್ಟರೆ ಮಾಡುತ್ತೇನೆ ಎಂದರು. ನವೆಂಬರ್‌ನಲ್ಲಿ ಅಮಾನತಾದರು. ಡಿಸೆಂಬರ್ 20ರಂದು ಕಲೋನ್ ನಗರದ ಶಿಸ್ತು ನ್ಯಾಯಾಲಯ ಅವರನ್ನು ವಜಾ ಮಾಡಿತು. ಅಲ್ಲಿ ಬಾರ್ತ್ ಸಾಕ್ರೆಟಿಸ್‌ನ ವಿಚಾರಣೆಯನ್ನು ನೆನಪಿಸಿ ವಾದಿಸಿದರು. ದೇವರಿಗೆ ಮೇಲೆ ಏನೂ ಇಲ್ಲ ಎಂದು ಹೇಳುವ ಒಂದು ವಿಭಾಗವನ್ನು ಸರ್ಕಾರವೇ ತನ್ನ ವಿಶ್ವವಿದ್ಯಾಲಯದಲ್ಲಿ ಇಟ್ಟುಕೊಂಡಿದೆ ಎಂದರೆ ತನ್ನ ಅಧಿಕಾರಕ್ಕೊಂದು ಮಿತಿ ಇದೆ ಎಂದು ಅದು ಒಪ್ಪಿದಂತೆಯೇ, ಆ ಮಿತಿಯನ್ನು ನೆನಪಿಸುವುದೇ ತನ್ನ ಕೆಲಸ ಎಂಬುದು ಅವರ ವಾದದ ಸಾರ.

ಮೇಲ್ಮನವಿಯಲ್ಲಿ ಒಂದು ವಿಚಿತ್ರ ನಡೆಯಿತು. 1935ರ ಜೂನ್ 14ರಂದು ಬರ್ಲಿನ್‌ನ ನ್ಯಾಯಾಲಯ ವಜಾ ಆದೇಶವನ್ನು ರದ್ದು ಮಾಡಿ, ವರ್ಷದ ಸಂಬಳದ ಐದನೆಯ ಒಂದು ಭಾಗದ ದಂಡ ಮಾತ್ರ ಹಾಕಿತು. ಗೆದ್ದಂತೆಯೇ ಅಲ್ಲವೇ? ಎಂಟೇ ದಿನದಲ್ಲಿ ಮಂತ್ರಿ ರುಸ್ಟ್ ಮತ್ತೊಂದು ಕಾನೂನು ಬಳಸಿ ಅವರನ್ನು ಕಡ್ಡಾಯ ನಿವೃತ್ತಿಗೊಳಿಸಿದ. ಇದಕ್ಕಿಂತ ಹೆಚ್ಚು ನೋವಾಗಿರಬೇಕಾದ್ದು ಬೇರೆ. ಬಾರ್ಮೆನ್‌ನಲ್ಲಿ ಅವರ ಮಾತಿಗೆ ಕೈ ಎತ್ತಿದ ಚರ್ಚಿನ ಮುಖಂಡರಲ್ಲೇ ಹಲವರಿಗೆ ಅಷ್ಟು ಹೊತ್ತಿಗೆ ಬಾರ್ತ್ ಒಂದು ಮುಜುಗರವಾಗಿದ್ದರು. ಬಾಸೆಲ್ ವಿಶ್ವವಿದ್ಯಾಲಯ ಕೆಲವೇ ದಿನಗಳಲ್ಲಿ ಕರೆದುಕೊಂಡಿತು. ಬಾರ್ತ್‌ಗೆ ಹೋಗಲು ತವರೂರಿತ್ತು. ಅಂಥ ಅನುಕೂಲವಿಲ್ಲದೆ ಅಲ್ಲೇ ಉಳಿದು ವಿರೋಧಿಸಿದವರ ಪಾಡು ಇನ್ನೂ ಕಠಿಣ. ಬಾರ್ತ್‌ರನ್ನು ಗುರುವಿನಂತೆ ಕಂಡ ಡೀಟ್ರಿಕ್ ಬೋನ್‌ಹೋಫರ್ ಅವರನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು.

ಬಾಸೆಲ್‌ನಲ್ಲಿ ಬಾರ್ತ್ 1962ರವರೆಗೆ ಪಾಠ ಮಾಡಿದರು. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ, ಆದರೂ ಮುಗಿಯದ ಅವರ ದೊಡ್ಡ ಗ್ರಂಥದ ಬಹುಭಾಗ ಬಂದದ್ದು ಇಲ್ಲಿಂದ. ಅದರ ಹಿಂದೆ ದಶಕಗಳ ಕಾಲ ದುಡಿದ ಸಹಾಯಕಿ ಷಾರ್ಲೊಟ್ ಫಾನ್ ಕಿರ್ಷ್‌ಬೌಮ್ ಅವರ ಹೆಸರು ಮುಖಪುಟದಲ್ಲಿಲ್ಲ. ಅಧಿಕಾರವನ್ನು ಅಷ್ಟು ಪ್ರಶ್ನಿಸಿದವರ ಮನೆಯಲ್ಲೇ ಈ ಲೆಕ್ಕ ಬಾಕಿ ಉಳಿಯಿತು.

ಯುದ್ಧ ಮುಗಿದ ಮೇಲೆ, 1946ರ ಬೇಸಿಗೆಯಲ್ಲಿ, ಅವರು ಬಾನ್‌ಗೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು. ವಿಶ್ವವಿದ್ಯಾಲಯದ ಹಳೆಯ ಅರಮನೆ ಪಾಳುಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ತರಗತಿ. ಎಂಟಾದರೆ ಅವಶೇಷ ಒಡೆಯುವ ಯಂತ್ರದ ಸದ್ದು ಶುರುವಾಗುತ್ತಿತ್ತು. ಬಾರ್ತ್ ಟಿಪ್ಪಣಿ ಓದದೆ ಬಾಯಿಮಾತಿನಲ್ಲೇ ಪಾಠ ಮಾಡಿದರು. ತಮ್ಮನ್ನು ಹೊರಹಾಕಿದ ದೇಶದ ಹುಡುಗರಿಗೆ ಸೇಡಿನ ಮಾತಾಡಲಿಲ್ಲ, ಜರ್ಮನ್ನರಿಗೆ ಈಗ ಸ್ನೇಹಿತರು ಬೇಕು ಎಂದು ಹೊರಗಿನವರಿಗೆ ಹೇಳುತ್ತಾ ಬಂದರು.

1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ಅದೇ ಬಾರ್ತ್ ಬಾಯಿ ಬಿಡಲಿಲ್ಲ. ಅಮೆರಿಕದ ರೈನ್‌ಹೋಲ್ಡ್ ನೀಬುರ್ ಬಹಿರಂಗವಾಗಿಯೇ ಕಾರಣ ಕೇಳಿದರು. ಪಶ್ಚಿಮದಲ್ಲಿ ಎಲ್ಲರೂ ಬೈಯುತ್ತಿರುವುದನ್ನು ತಾನೂ ಬೈಯುವುದರಲ್ಲಿ ಹೆಚ್ಚೇನಿದೆ ಎಂಬುದು ಬಾರ್ತ್‌ರ ಧೋರಣೆ. ನನಗೆ ಇದು ಸಮಾಧಾನ ಕೊಡುವುದಿಲ್ಲ. ಹಿಟ್ಲರ್‌ಗೆ ಬಳಸಿದ ಅಳತೆಗೋಲನ್ನು ಇಲ್ಲಿ ಬಳಸಲಿಲ್ಲ ಎಂದವರ ಮಾತಿನಲ್ಲಿ ಹುರುಳಿದೆ. ಅದರ ಬೆಲೆಯನ್ನು ತೆತ್ತವರು ಮಾತ್ರ ಬೇರೊಬ್ಬರು. ಬಾರ್ತ್ ನಿವೃತ್ತರಾಗುವಾಗ ಅವರ ಜಾಗಕ್ಕೆ ಹಳೆಯ ವಿದ್ಯಾರ್ಥಿ ಹೆಲ್ಮುಟ್ ಗೋಲ್‌ವಿಟ್ಸರ್ ಹೆಸರು ಮುಂದೆ ಬಂತು. ರಷ್ಯಾದಲ್ಲಿ ವರ್ಷಗಟ್ಟಲೆ ಯುದ್ಧಕೈದಿಯಾಗಿದ್ದವರು ಅವರು. ಆದರೂ ಕಮ್ಯುನಿಸಂ ವಿಚಾರದಲ್ಲಿ ಮೃದು ಎಂದು ಪತ್ರಿಕೆಗಳು ಹಿಂದೆ ಬಿದ್ದವು, ಬಾಸೆಲ್ ಸರ್ಕಾರ ನೇಮಕ ಮಾಡಲಿಲ್ಲ. ಸರ್ವಾಧಿಕಾರವಿಲ್ಲದ, ಚುನಾವಣೆ ನಡೆಯುವ ದೇಶದಲ್ಲಿ ನಡೆದದ್ದು ಇದು.

1967ರಲ್ಲಿ ಬೋನ್‌ಹೋಫರ್ ಅವರ ಜೀವನಚರಿತ್ರೆ ಪ್ರಕಟವಾಯಿತು. ಎಂಬತ್ತೊಂದು ವಯಸ್ಸಿನ ಬಾರ್ತ್ ಅದನ್ನು ಓದಿ ಲೇಖಕ ಎಬರ್‌ಹಾರ್ಡ್ ಬೆತ್ಗೆ ಅವರಿಗೆ ಪತ್ರ ಬರೆದರು. ಯಹೂದಿಗಳ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂದು ಬೋನ್‌ಹೋಫರ್ 1933ರಲ್ಲೇ ಕಂಡಿದ್ದರು, ತಾನು ಅದನ್ನು ಬಹಿರಂಗವಾಗಿ ಅಷ್ಟು ನಿರ್ಣಾಯಕವಾಗಿ ಎತ್ತಲಿಲ್ಲ, ಇದು ತನ್ನ ತಪ್ಪೆಂದು ಬಹಳ ಕಾಲದಿಂದ ಅನ್ನಿಸಿದೆ ಎಂದು ಅದರಲ್ಲಿ ಒಪ್ಪಿಕೊಂಡರು. ಬಾರ್ಮೆನ್ ಘೋಷಣೆಯಲ್ಲಿ ಯಹೂದಿಗಳ ಮಾತು ಸೇರಿಸಿದ್ದರೆ ಆ ಸಭೆ ಅದನ್ನು ಒಪ್ಪುತ್ತಿರಲಿಲ್ಲ ಎಂದೂ ಬರೆದರು. ಆದರೂ ಪ್ರಯತ್ನವನ್ನಾದರೂ ಮಾಡದೆ ಹೋದದ್ದಕ್ಕೆ ಅದು ನೆಪವಾಗದು ಎಂದು ತಾವೇ ಸೇರಿಸಿದರು.