ಚಂದಾ ಪುಸ್ತಕ ಹಿಡಿದ ರಬ್ಬರ್ ದೊರೆ: ಸಿಂಗಪುರದ ತಾನ್ ಕಾ ಕೀ

ಸಿಂಗಪುರದ ತೆಲೊಕ್ ಆಯರ್ ಬೀದಿಯಲ್ಲಿರುವ ಥಿಯಾನ್ ಹಾಕ್ ಕೆಂಗ್ ದೇವಾಲಯ ಈಗ ಬಹುಮಹಡಿ ಕಟ್ಟಡಗಳ ನಡುವೆ ಹುದುಗಿದೆ. 1842ರಲ್ಲಿ ಅದರ ಕಟ್ಟೋಣ ಮುಗಿದಾಗ ಎದುರಿಗೇ ಕಡಲಿತ್ತು. ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತದಿಂದ ಹಾಯಿಹಡಗು ಹತ್ತಿ ಬಂದಿಳಿದವರು ಮೊದಲು ಕಡಲ ದೇವಿ ಮಾಝುವಿಗೆ ಕೈಮುಗಿದು, ಆನಂತರ ಅದೇ ಆವರಣದಲ್ಲಿ ತಮ್ಮೂರಿನವರನ್ನು ವಿಚಾರಿಸುತ್ತಿದ್ದರು. ಹೊಕ್ಕಿಯೆನ್ ಹುವೇ ಕ್ವಾನ್, ಅಂದರೆ ಫುಜಿಯಾನ್ ನಾಡವರ ಸಂಘ, ನೆಲೆಗೊಂಡದ್ದು ಈ ಗುಡಿಯಲ್ಲೇ. ಸತ್ತವರಿಗೆ ಸ್ಮಶಾನ, ಮಕ್ಕಳಿಗೆ ಶಾಲೆ, ಜಗಳವಾಡಿದವರಿಗೆ ಪಂಚಾಯಿತಿ: ಪರಕೀಯ ಸರ್ಕಾರ ಒದಗಿಸದ ಇವನ್ನೆಲ್ಲ ಸಂಬಳವಿಲ್ಲದ ಪದಾಧಿಕಾರಿಗಳು, ವರ್ತಕರು ಕೊಟ್ಟ ವಂತಿಗೆಯಿಂದ ನಡೆಸಬೇಕಾಗಿತ್ತು. ಇಂಥ ಸಂಘಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಕಾಣುವ ಹೆಸರು ತಾನ್ ಕಾ ಕೀ. ಮ್ಯಾಂಡರಿನ್ ಉಚ್ಚಾರಣೆಯಲ್ಲಿ ಚೆನ್ ಜಿಯಾಗೆಂಗ್.

ಅವರು ಹುಟ್ಟಿದ್ದು 1874ರ ಅಕ್ಟೋಬರ್ 21ರಂದು, ಷ್ಯಾಮೆನ್ ದ್ವೀಪಕ್ಕೆ ಎದುರಿನ ಜಿಮೇಯ್ ಎಂಬ ಬೆಸ್ತರ ಹಳ್ಳಿಯಲ್ಲಿ. 1890ರಲ್ಲಿ ಸಿಂಗಪುರಕ್ಕೆ ಬಂದು ತಂದೆಯ ಅಕ್ಕಿ ಮಂಡಿಯಲ್ಲಿ ಕೆಲಸ ಕಲಿತರು. 1903ರಲ್ಲಿ ಊರಿನಿಂದ ಮರಳಿದಾಗ ಮಂಡಿ ದಿವಾಳಿಯ ಅಂಚಿನಲ್ಲಿತ್ತು. ಸಾಲ ಎರಡು ಲಕ್ಷ ಡಾಲರಿಗೂ ಮಿಕ್ಕಿತ್ತು. ತಂದೆಯ ಸಾಲವನ್ನು ಮಗ ತೀರಿಸಲೇಬೇಕೆಂದು ಅಲ್ಲಿನ ಬ್ರಿಟಿಷ್ ಕಾನೂನು ಹೇಳುತ್ತಿರಲಿಲ್ಲ. ತಾನ್ ಆ ಹೊರೆಯನ್ನು ತಾವಾಗಿ ಹೊತ್ತು, ಸಾಲಗಾರರೊಡನೆ ಮಾತಾಡಿ, ಕೆಲವೇ ವರ್ಷಗಳಲ್ಲಿ ಇತ್ಯರ್ಥಪಡಿಸಿದರು. ಮುಂದಿನ ನಲವತ್ತು ವರ್ಷಗಳ ಸಾರ್ವಜನಿಕ ಬದುಕಿಗೆ ಇದೇ ಮೂಲಧನವಾಯಿತೆಂದರೆ ತಪ್ಪಾಗದು. ಚಂದಾ ಕೇಳುವವನಿಗೆ ಬೇಕಾದದ್ದು ಸಂಪತ್ತಿಗಿಂತ ಮೊದಲು ನಂಬಿಕೆ. ಆ ನಂಬಿಕೆ ಅವರಿಗೆ ಸಂಪತ್ತಿಗಿಂತ ಮೊದಲೇ ಬಂದಿತ್ತು.

ಸಂಪತ್ತೂ ಬಂದಿತು. 1904ರಲ್ಲಿ ಅನಾನಸ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ ತೆರೆದರು. 1906ರಲ್ಲಿ ಅನಾನಸ್ ಗಿಡಗಳ ನಡುವೆ ರಬ್ಬರ್ ಬೀಜ ಹಾಕಿಸಿದರು. ಮೊದಲ ಮಹಾಯುದ್ಧದಲ್ಲಿ ಹಡಗುಗಳಿಂದ ಲಾಭ ಗಳಿಸಿದರು. 1920ರ ದಶಕದ ನಡುವಿನ ಹೊತ್ತಿಗೆ ಅವರದು ತೋಟದಿಂದ ಹಿಡಿದು ಟಯರು, ಪಾದರಕ್ಷೆಗಳವರೆಗೆ ಹಬ್ಬಿದ ಸಾಮ್ರಾಜ್ಯ. 1923ರಲ್ಲಿ ನಾನ್ಯಾಂಗ್ ಸಿಯಾಂಗ್ ಪಾವ್ ಪತ್ರಿಕೆಯನ್ನೂ ಆರಂಭಿಸಿದರು. ಲಾಭವೆಲ್ಲ ಶಾಲೆಗಳಿಗೆ ಹರಿಯುತ್ತಿತ್ತು. ಜಿಮೇಯ್‌ನಲ್ಲಿ 1913ರಿಂದ ಒಂದರ ಹಿಂದೊಂದು ಶಾಲೆಗಳೆದ್ದವು. ಷ್ಯಾಮೆನ್ ವಿಶ್ವವಿದ್ಯಾನಿಲಯಕ್ಕೆ 40 ಲಕ್ಷ ಯುವಾನ್ ಕೊಡುವ ವಾಗ್ದಾನವಿತ್ತು, 1921ರಲ್ಲಿ ಅದು ಬಾಗಿಲು ತೆರೆಯಿತು.

ನುಡಿಯ ಗೋಡೆಗಳು

ಆ ಕಾಲದ ಸಿಂಗಪುರದ ಚೀನೀಯರು ಒಂದೇ ಸಮುದಾಯವೆಂದು ಭಾವಿಸುವುದು ತಪ್ಪು. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಎಂಬ ಗುಂಪುಗಳು ಬೇರೆ ಬೇರೆ ನುಡಿಯಾಡುತ್ತ, ಬೇರೆ ಬೇರೆ ಕಸುಬು ಹಿಡಿದು, ಬೇರೆ ಬೇರೆ ಗುಡಿಗಳಲ್ಲಿ ಸೇರುತ್ತಿದ್ದವು. ಒಂದು ಗುಂಪಿನ ಶಾಲೆಗೆ ಇನ್ನೊಂದು ಗುಂಪಿನವರು ಹಣ ಕೊಡುವ ವಾಡಿಕೆಯಿರಲಿಲ್ಲ. ಇದನ್ನು ಒಡೆಯುವ ಮೊದಲ ದೊಡ್ಡ ಯತ್ನವೆಂದರೆ 1919ರಲ್ಲಿ ತಾನ್ ಮುಂದಾಳಾಗಿ ತೆರೆದ ನಾನ್ಯಾಂಗ್ ಚೀನೀ ಪ್ರೌಢಶಾಲೆ. ಎಲ್ಲ ಗುಂಪುಗಳ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು, ಪಾಠ ಮ್ಯಾಂಡರಿನ್‌ನಲ್ಲಿ. ಸ್ವತಃ ಹೊಕ್ಕಿಯೆನ್ ನುಡಿಯಲ್ಲೇ ವ್ಯವಹರಿಸುತ್ತಿದ್ದವರು ಮುಂದಿನ ಪೀಳಿಗೆಗೆ ಬೇರೊಂದು ಭಾಷೆಯನ್ನು ಸಾಮಾನ್ಯ ಭಾಷೆಯಾಗಿ ಆರಿಸಿದ್ದು ಗಮನಾರ್ಹ.

1923ರಲ್ಲಿ ಅವರು ಯೀ ಹೋ ಹಿಯನ್ ಕ್ಲಬ್ಬಿನ ಅಧ್ಯಕ್ಷರಾದರು. ಶ್ರೀಮಂತರು ಸಂಜೆ ಹೊತ್ತು ಕಳೆಯಲು 1895ರಲ್ಲಿ ಕಟ್ಟಿಕೊಂಡಿದ್ದ ಕೂಟವದು. ತಾನ್ ಅದನ್ನು ಸಾರ್ವಜನಿಕ ಕೆಲಸದ ಕಚೇರಿಯಾಗಿ ಮಾರ್ಪಡಿಸಿದರು. 1928ರ ಮೇ ತಿಂಗಳಲ್ಲಿ ಶಾನ್‌ಡಾಂಗ್ ಪ್ರಾಂತದ ಜಿನಾನ್ ನಗರದಲ್ಲಿ ಜಪಾನೀ ಸೇನೆ ಚೀನೀಯರನ್ನು ಕೊಂದಾಗ ಪರಿಹಾರ ನಿಧಿಯ ಸಂಗ್ರಹ ನಡೆದದ್ದು ಅವರ ನೇತೃತ್ವದಲ್ಲೇ. ಮರುವರ್ಷ ಹೊಕ್ಕಿಯೆನ್ ಹುವೇ ಕ್ವಾನ್‌ನ ಅಧ್ಯಕ್ಷ ಪದವಿಯೂ ಒಲಿಯಿತು. ಅದುವರೆಗೆ ಕೆಲವು ಹಳೆಯ ಮನೆತನಗಳ ಹಿಡಿತದಲ್ಲಿದ್ದ ಸಂಘವನ್ನು ಅವರು ವಿಭಾಗಗಳಾಗಿ ವಿಂಗಡಿಸಿ, ಶಿಕ್ಷಣಕ್ಕೆ ಅಗ್ರಸ್ಥಾನ ಕೊಟ್ಟರು. ಸಾವಿನ ಮನೆಯ ಆಡಂಬರಕ್ಕೆ ಕಡಿವಾಣ ಹಾಕುವಂಥ ಸುಧಾರಣೆಗಳೂ ಅವರ ಮನಸ್ಸಿನಲ್ಲಿದ್ದವು. ಇವು ಶಾಲೆಗಳಷ್ಟು ಸುಲಭವಾಗಿ ಕೈಗೂಡುವಂಥವಲ್ಲ. ಚಂದಾ ಕೊಟ್ಟವರು ತಮ್ಮ ಮನೆಯ ಪದ್ಧತಿಯನ್ನೂ ಒಪ್ಪಿಸಿಬಿಡುತ್ತಾರೆಂದು ಯಾವ ಸಂಘವೂ ಎಣಿಸುವಂತಿಲ್ಲ.

ಇಷ್ಟರಲ್ಲಿ ಸ್ವಂತ ವ್ಯಾಪಾರ ಕುಸಿಯುತ್ತಿತ್ತು. ರಬ್ಬರಿನ ಬೆಲೆ ಪಾತಾಳಕ್ಕಿಳಿಯಿತು. ಅಗ್ಗದ ಜಪಾನೀ ಪಾದರಕ್ಷೆಗಳು ಮಾರುಕಟ್ಟೆಯನ್ನು ಕಬಳಿಸಿದವು. 1931ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳ ಉಸ್ತುವಾರಿಯಲ್ಲಿ ಕಂಪನಿ ಲಿಮಿಟೆಡ್ ಆಯಿತು. ಶಾಲೆಗಳಿಗೆ ಹಣ ಕಳುಹಿಸುವುದನ್ನು ಬಿಡಬೇಕೆಂಬ ಒತ್ತಡ ಬಂದರೂ ತಾನ್ ಮಣಿಯಲಿಲ್ಲ. ಮನೆಗಳನ್ನು ಮಾರಿ ವಿಶ್ವವಿದ್ಯಾನಿಲಯ ನಡೆಸಿದರು. 1934ರಲ್ಲಿ ಕಂಪನಿ ಮುಚ್ಚಿತು. 1937ರಲ್ಲಿ ವಿಶ್ವವಿದ್ಯಾನಿಲಯವನ್ನು ಚೀನೀ ಸರ್ಕಾರಕ್ಕೆ ಒಪ್ಪಿಸಿದರು. ವ್ಯವಹಾರದ ದೃಷ್ಟಿಯಿಂದ ಇದು ಹಠಮಾರಿತನವೇ ಸರಿ. ಆದರೆ ಅವರ ಅತ್ಯಂತ ದೊಡ್ಡ ಸಂಘಟನೆ ಹುಟ್ಟಿದ್ದು ಸಾಮ್ರಾಜ್ಯ ಕಳೆದುಕೊಂಡ ಮೇಲೆ.

ಯುದ್ಧದ ನಿಧಿ

1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಹೂಡಿತು. ಭಾರತದ ರಾಷ್ಟ್ರೀಯ ಕಾಂಗ್ರೆಸ್ ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರನ್ನು ಒಳಗೊಂಡ ಐವರು ವೈದ್ಯರ ತಂಡವನ್ನು 1938ರಲ್ಲಿ ಕಳುಹಿಸಿದ್ದು ಇದೇ ಯುದ್ಧಕ್ಕೆ. ಆಗಸ್ಟ್‌ನಲ್ಲಿ ಸಿಂಗಪುರದ ಚೀನೀ ಪರಿಹಾರ ನಿಧಿ ಸ್ಥಾಪನೆಯಾಯಿತು. ತಾನ್ ಅದರ ಅಧ್ಯಕ್ಷರಾದರು. ಬ್ರಿಟಿಷ್ ಸರ್ಕಾರಕ್ಕೆ ಜಪಾನಿನೊಡನೆ ವೈರ ಬೇಡವಾಗಿತ್ತು. ಗಾಯಾಳುಗಳಿಗೆ, ನಿರಾಶ್ರಿತರಿಗೆ ಹಣ ಕೂಡಿಸಬಹುದು, ಅದರಾಚೆ ಹೋಗಬಾರದೆಂಬ ಎಚ್ಚರಿಕೆಯೊಡನೆ ಅನುಮತಿ ಸಿಕ್ಕಿತು. ತಾನ್ ಈ ಗೆರೆಯೊಳಗೇ ಕೆಲಸ ಮಾಡಿದರು. ಉಗ್ರರಾದ ಯುವಕರಿಗೆ ಇದು ಹಿಡಿಸಲಿಲ್ಲವಾದರೂ, ಗೆರೆ ದಾಟಿದ್ದರೆ ನಿಧಿಯೇ ಉಳಿಯುತ್ತಿರಲಿಲ್ಲ.

ಸಮಿತಿಯ ಸ್ಥಾನಗಳನ್ನು ನುಡಿಗುಂಪುಗಳಿಗೆ ಹಂಚಲಾಗಿತ್ತು. ಗೋಡೆ ಕೆಡವಲು ಹೊರಟವರೇ ಗೋಡೆಯ ಅಳತೆಗೆ ತಕ್ಕಂತೆ ಕುರ್ಚಿ ಹಾಕಿದರೆಂದು ಅಣಕಿಸಬಹುದು. ಹಾಗೆ ಹಾಕಿದ್ದರಿಂದಲೇ ಪ್ರತಿ ಗುಂಪೂ ತನ್ನವರಿಂದ ಹಣ ತರುವ ಹೊಣೆ ಹೊತ್ತಿತು. ವರ್ತಕರು ದೊಡ್ಡ ಮೊತ್ತ ಕೊಟ್ಟರು. ಕೂಲಿಗಳು, ರಿಕ್ಷಾ ಎಳೆಯುವವರು, ಬೀದಿ ವ್ಯಾಪಾರಿಗಳು ತಿಂಗಳ ವಂತಿಗೆ ಕಟ್ಟಿದರು. ಹೂ ಮಾರಾಟ, ನಾಟಕ, ಸಂಗೀತ ಏರ್ಪಟ್ಟವು. ಚಿತ್ರಕಾರ ಷೂ ಬೆಯ್‌ಹಾಂಗ್ 1939ರಲ್ಲಿ ಸಿಂಗಪುರದಲ್ಲಿ ಸಹಾಯಾರ್ಥ ಪ್ರದರ್ಶನ ನಡೆಸಿದರು. ಅವರೇ ಮುಂದೆ ಶಾಂತಿನಿಕೇತನಕ್ಕೆ ಬಂದು ಗಾಂಧೀಜಿಯವರ ರೇಖಾಚಿತ್ರ ಬರೆದವರು. ದಾನಿಗಳ ಹೆಸರೂ ಮೊತ್ತವೂ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಕೊಟ್ಟ ಕಾಸು ಪತ್ರಿಕೆಯಲ್ಲಿ ಕಂಡರೆ ಮುಂದಿನ ತಿಂಗಳೂ ಕೊಡುವ ಮನಸ್ಸಾಗುತ್ತದೆ. ಕೊಡದವನ ಹೆಸರು ಕಾಣದಿದ್ದರೆ ನೆರೆಯವರು ಗಮನಿಸುತ್ತಾರೆ. ಸ್ವಯಂಪ್ರೇರಣೆಯ ಜೊತೆಗೆ ಈ ಬಗೆಯ ಸಾಮಾಜಿಕ ಒತ್ತಡವೂ ಸೇರಿತ್ತೆಂಬುದನ್ನು ಮರೆಮಾಚಬೇಕಿಲ್ಲ.

1938ರ ಅಕ್ಟೋಬರ್ 10ರಂದು ಮಲಯ, ಡಚ್ ಇಂಡೀಸ್, ಫಿಲಿಪೀನ್ಸ್, ಬರ್ಮಾ ಮೊದಲಾದೆಡೆಗಳ ಪ್ರತಿನಿಧಿಗಳು ಸಿಂಗಪುರದ ಚೀನೀ ಪ್ರೌಢಶಾಲೆಯಲ್ಲಿ ಸೇರಿ ಆಗ್ನೇಯ ಏಷ್ಯಾದ ಪರಿಹಾರ ನಿಧಿಗಳ ಒಕ್ಕೂಟ ರಚಿಸಿದರು. ಅಧ್ಯಕ್ಷ ಸ್ಥಾನ ತಾನ್ ಅವರಿಗೇ. ಉಪಾಧ್ಯಕ್ಷರು ಬಟಾವಿಯದ ಚುವಾಂಗ್ ಶಿಯೆನ್ ಮತ್ತು ಮನಿಲಾದ ಡೀ ಸಿ. ಚುವಾನ್. ಮರುವರ್ಷ ಬರ್ಮಾ ರಸ್ತೆಗೆ ಲಾರಿ ಓಡಿಸುವವರು, ದುರಸ್ತಿ ಮಾಡುವವರು ಬೇಕೆಂಬ ಕರೆ ಬಂದಾಗ ಒಕ್ಕೂಟ ಸುಮಾರು 3,200 ಮಂದಿ ಸ್ವಯಂಸೇವಕರನ್ನು ಕಳುಹಿಸಿತು. ಲಾಶಿಯೋದಿಂದ ಕುನ್ಮಿಂಗ್‌ವರೆಗೆ 1,100 ಕಿ.ಮೀ.ಗೂ ಹೆಚ್ಚಿನ ಬೆಟ್ಟದ ದಾರಿ. ಮಲೇರಿಯಾ, ಪ್ರಪಾತ, ಬಾಂಬು. ಹೋದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮರಳಿ ಬರಲೇ ಇಲ್ಲ. ಪರಿಹಾರ ನಿಧಿಯ ರಸೀದಿ ಪುಸ್ತಕದಲ್ಲಿ ಬರೆಯಲಾಗದ ದೇಣಿಗೆಯದು.

ಕೂಡಿಸಿದ ಹಣ ಏನಾಗುತ್ತಿದೆಯೆಂದು ನೋಡಲು ತಾನ್ 1940ರಲ್ಲಿ ಚೀನಾಕ್ಕೆ ಹೋದರು. ಚೊಂಗ್‌ಕಿಂಗ್‌ನಲ್ಲಿ ಅವರ ಸ್ವಾಗತಕ್ಕೆಂದು ಸರ್ಕಾರ ದೊಡ್ಡ ಮೊತ್ತ ತೆಗೆದಿಟ್ಟಿತ್ತು. ಯುದ್ಧಕಾಲದಲ್ಲಿ ಔತಣ ಬೇಡವೆಂದು ಅವರು ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿದರು. ಆನಂತರ ಕಮ್ಯುನಿಸ್ಟರ ಯಾನಾನ್‌ಗೂ ಭೇಟಿಯಿತ್ತರು. ಅಲ್ಲಿನ ಸರಳತೆ ಮೆಚ್ಚಿಗೆಯಾಯಿತು, ಆ ಮೆಚ್ಚಿಗೆಯನ್ನು ಬಹಿರಂಗವಾಗಿಯೇ ಹೇಳಿದರು. ಫುಜಿಯಾನ್ ಗವರ್ನರ್ ಚೆನ್ ಯೀ ಅವರ ದುರಾಡಳಿತವನ್ನೂ ಖಂಡಿಸಿದರು. ಚಿಯಾಂಗ್ ಕೈ-ಷೆಕ್‌ರ ಪಕ್ಷ 1941ರ ಒಕ್ಕೂಟದ ಸಮ್ಮೇಳನದಲ್ಲಿ ಅವರನ್ನು ಕೆಳಗಿಳಿಸಲು ಯತ್ನಿಸಿತು. ಪ್ರತಿನಿಧಿಗಳು ಅವರನ್ನೇ ಮರಳಿ ಆರಿಸಿದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನೀಯರು ಮಲಯದೊಳಕ್ಕೆ ನುಗ್ಗಿದರು. ಅದುವರೆಗೆ ಗೆರೆ ಎಳೆದಿದ್ದ ಬ್ರಿಟಿಷ್ ಸರ್ಕಾರ ಈಗ ಚೀನೀಯರನ್ನು ಅಣಿಗೊಳಿಸುವ ಸಮಿತಿಯ ನೇತೃತ್ವ ವಹಿಸಲು ತಾನ್ ಅವರನ್ನೇ ಕೇಳಿಕೊಂಡಿತು. 1942ರ ಫೆಬ್ರವರಿ 3ರಂದು, ನಗರ ಶರಣಾಗುವ 12 ದಿನ ಮೊದಲು, ಅವರು ಸುಮಾತ್ರಾಕ್ಕೆ, ಅಲ್ಲಿಂದ ಜಾವಾಕ್ಕೆ ಪಾರಾದರು. ಜಿಮೇಯ್ ಮತ್ತು ಷ್ಯಾಮೆನ್ ಸಂಸ್ಥೆಗಳ ಹಳೆಯ ವಿದ್ಯಾರ್ಥಿಗಳು ಮಲಾಂಗ್ ಸಮೀಪ ಹುಸಿ ಹೆಸರಿನಲ್ಲಿ ಅವರನ್ನು ಅಡಗಿಸಿಟ್ಟರು. ಸಿಕ್ಕಿಬಿದ್ದರೆ ನುಂಗಲು ವಿಷ ಸದಾ ಜೊತೆಗಿತ್ತು. ಕಾಗದಪತ್ರಗಳೇನೂ ಇಲ್ಲದೆ, ನೆನಪಿನಿಂದಲೇ ತಮ್ಮ ಆತ್ಮಕಥನವನ್ನು ಬರೆದದ್ದು ಅಲ್ಲಿಯೇ.

ಸಿಂಗಪುರದಲ್ಲಿ ಉಳಿದವರ ಪಾಡು ಬೇರೆ. ಜಪಾನೀಯರು ಕೈಗೊಂಡ ಸಾಮೂಹಿಕ ಹತ್ಯೆಯಲ್ಲಿ ಪರಿಹಾರ ನಿಧಿಗೆ ದುಡಿದವರು ಮೊದಲ ಗುರಿಗಳಲ್ಲೊಬ್ಬರಾದರು. ಬಳಿಕ ಜಪಾನೀಯರ ಒತ್ತಾಯದಿಂದ ಇನ್ನೊಂದು ಚೀನೀ ಸಂಘ ಹುಟ್ಟಿತು. ಅದರ ಮುಖ್ಯಸ್ಥರಾಗಬೇಕಾಗಿ ಬಂದವರು ಷ್ಯಾಮೆನ್ ವಿಶ್ವವಿದ್ಯಾನಿಲಯವನ್ನು 16 ವರ್ಷ ನಡೆಸಿದ್ದ ವೃದ್ಧ ವೈದ್ಯ ಲಿಮ್ ಬೂನ್ ಕೆಂಗ್. ಮಲಯ, ಸಿಂಗಪುರಗಳ ಚೀನೀಯರು 5 ಕೋಟಿ ಡಾಲರ್ ಕಾಣಿಕೆ ಸಲ್ಲಿಸಬೇಕೆಂದು ಆಜ್ಞೆಯಾಯಿತು. ಜೀವಭಯವಿದ್ದರೂ ಕೂಡಿದ್ದು 3 ಕೋಟಿಗಿಂತ ಕಡಿಮೆ. ಉಳಿದುದನ್ನು ಜಪಾನೀ ಬ್ಯಾಂಕಿನಿಂದಲೇ ಸಾಲ ತಂದು ಜಪಾನೀಯರಿಗೆ ಒಪ್ಪಿಸಲಾಯಿತು.

ಬಿರುಕು

1945ರ ಅಕ್ಟೋಬರ್‌ನಲ್ಲಿ ತಾನ್ ಮರಳಿದಾಗ ಅದ್ದೂರಿ ಸ್ವಾಗತ ದೊರೆಯಿತು. ಆದರೆ ಒಮ್ಮತ ಹೆಚ್ಚು ದಿನ ಬಾಳಲಿಲ್ಲ. ಚೀನಾದ ಅಂತರ್ಯುದ್ಧದಲ್ಲಿ ಚಿಯಾಂಗ್‌ಗೆ ನೆರವು ನಿಲ್ಲಿಸಬೇಕೆಂದು 1946ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಒಕ್ಕೂಟದ ಅಧ್ಯಕ್ಷರ ಹೆಸರಿನಲ್ಲೇ ತಂತಿ ಕಳುಹಿಸಿದರು. ಗಾಯಾಳುಗಳಿಗೆಂದು ಹಣ ಕೊಟ್ಟವರಲ್ಲಿ ಎರಡೂ ಪಕ್ಷದವರಿದ್ದರು. ಅವರೆಲ್ಲರ ಪರವಾಗಿ ಒಬ್ಬರೇ ಮಾತಾಡಬಹುದೇ ಎಂಬ ಪ್ರಶ್ನೆ ಎದ್ದಿತು. ಚಿಯಾಂಗ್ ಪರರು ಸಭೆಗಳನ್ನು ಸೇರಿಸಿ ಖಂಡಿಸಿದರು. ಟೈಗರ್ ಬಾಮ್ ಖ್ಯಾತಿಯ ಆವ್ ಬೂನ್ ಹಾವ್ ಅವರೊಡನೆ ಮೊದಲೇ ಇದ್ದ ಪೈಪೋಟಿ ಇನ್ನಷ್ಟು ಬಿಗಿಯಾಯಿತು. ತಾನ್ ಹಿಂದೆ ಸರಿಯುವವರಲ್ಲ. ಅವರ ನಿಷ್ಠುರತೆ ಹಣದ ವಿಷಯದಲ್ಲಿ ಸಂಘಗಳನ್ನು ಕಾಪಾಡಿತ್ತು. ಅದೇ ನಿಷ್ಠುರತೆ ರಾಜಕೀಯದಲ್ಲಿ ಅವನ್ನು ಒಡೆಯಿತು.

1950ರಲ್ಲಿ ಅವರು ಶಾಶ್ವತವಾಗಿ ಚೀನಾಕ್ಕೆ ತೆರಳಿದರು. ಅವರು ಸ್ಥಾಪಿಸಿದ್ದ ನಾನ್ ಚಿಯಾವ್ ಜಿತ್ ಪಾವ್ ಪತ್ರಿಕೆಯನ್ನು ಬ್ರಿಟಿಷರು ಅದೇ ವರ್ಷ ಮುಚ್ಚಿಸಿದರು. 1916ರಲ್ಲಿ ಪಡೆದಿದ್ದ ಬ್ರಿಟಿಷ್ ಪ್ರಜೆಯ ಸ್ಥಾನಮಾನವನ್ನು 1957ರಲ್ಲಿ ತ್ಯಜಿಸಿದರು. ಜಿಮೇಯ್‌ನಲ್ಲಿ ಶಾಲಾ ಕಟ್ಟಡಗಳ ಉಸ್ತುವಾರಿ ನೋಡುತ್ತ, ಒಡೆದ ಬಟ್ಟಲನ್ನು ಮೇಣದ ಬತ್ತಿಯ ಪೀಠವಾಗಿ ಬಳಸುವಷ್ಟು ಮಿತವ್ಯಯದಲ್ಲಿ ದಿನ ಕಳೆದರು. 1961ರ ಆಗಸ್ಟ್ 12ರಂದು ಬೀಜಿಂಗ್‌ನಲ್ಲಿ ನಿಧನರಾದರು. ಸಮಾಧಿ ಜಿಮೇಯ್‌ನ ಕಡಲ ತೀರದಲ್ಲಿದೆ.

ಸಿಂಗಪುರದ ಹುವೇ ಕ್ವಾನ್ ಅವರ ಹಿಂದೆಯೇ ಮುಗಿಯಲಿಲ್ಲ. ಅವರಲ್ಲಿ ಒಂದು ಕಾಲಕ್ಕೆ ನೌಕರರಾಗಿದ್ದ ತಾನ್ ಲಾರ್ಕ್ ಸೈ 1950ರಲ್ಲಿ ಅಧ್ಯಕ್ಷರಾಗಿ, 1953ರಲ್ಲಿ ನಾನ್ಯಾಂಗ್ ವಿಶ್ವವಿದ್ಯಾನಿಲಯಕ್ಕೆ 50 ಲಕ್ಷ ಡಾಲರ್ ಘೋಷಿಸಿದರು. ಮರುವರ್ಷ ಸೈಕಲ್ ರಿಕ್ಷಾ ತುಳಿಯುವವರು ಒಂದು ದಿನದ ದುಡಿಮೆಯನ್ನು ಅದಕ್ಕೆ ಒಪ್ಪಿಸಿದರು. 1919ರ ಪ್ರೌಢಶಾಲೆ ಈಗ ಹ್ವಾ ಚೊಂಗ್ ಸಂಸ್ಥೆಯ ಭಾಗವಾಗಿದೆ. ಅದರ ಪಕ್ಕದಲ್ಲೇ 2015ರಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೆ ತಾನ್ ಕಾ ಕೀ ಅವರ ಹೆಸರಿಡಲಾಗಿದೆ.