ಗುಮ್ಮಟದ ಸುಲ್ತಾನ, ಕೆರೆಯ ಸುಲ್ತಾನ

ಗೋಲಗುಮ್ಮಟಕ್ಕೆ ಹೋದವರು ಮಾಡೋದು ಎರಡೇ ಕೆಲಸ. ಮೇಲೆ ಹತ್ತಿ ಕೂಗು ಹಾಕೋದು, ಕೆಳಗೆ ಇಳಿದು ರಂಭೆಯ ಗೋರಿ ಯಾವುದು ಅಂತ ಕೇಳೋದು. ಗುಮ್ಮಟ ಕಟ್ಟಿಸಿದವನ ಗೋರಿ ಕೇಳುವವರು ಕಡಿಮೆ. ಆತ ಮಹಮ್ಮದ್ ಆದಿಲಶಾಹ, ವಿಜಾಪುರದ ಏಳನೆಯ ಸುಲ್ತಾನ.

1627ರಲ್ಲಿ ತಂದೆ ಎರಡನೇ ಇಬ್ರಾಹಿಂ ಆದಿಲಶಾಹ ತೀರಿಕೊಂಡಾಗ ಮಹಮ್ಮದನಿಗೆ ಇನ್ನೂ ಹದಿಹರೆಯ. ಹುಡುಗ ಗಾದಿಗೆ ಬಂದ ಅಂದರೆ ದರ್ಬಾರಿನ ದೊಡ್ಡವರಿಗೆ ಹಬ್ಬ. ಸರದಾರರ ಒಳಜಗಳ ಒಂದು ಕಡೆ, ದೆಹಲಿಯ ಶಹಾಜಹಾನನ ಕಾಟ ಇನ್ನೊಂದು ಕಡೆ. 1636ರಲ್ಲಿ ಮೊಗಲರ ದಂಡು ಬಂದಾಗ ಶಹಾಪುರ ಕೆರೆಯ ಒಡ್ಡು ಒಡೆದು, ಊರ ಸುತ್ತ ನೀರು ನುಗ್ಗಿಸಿ ರಾಜಧಾನಿ ಉಳಿಸಿಕೊಂಡರು. ಕಡೆಗೆ ಒಪ್ಪಂದವಾಯಿತು. 20 ಲಕ್ಷ ರೂಪಾಯಿ ಕಪ್ಪ ಕೊಡಬೇಕಾಯಿತು.

ಉತ್ತರದ ಬಾಗಿಲು ಮುಚ್ಚಿದ ಮೇಲೆ ಸುಲ್ತಾನನ ಕಣ್ಣು ದಕ್ಷಿಣಕ್ಕೆ ತಿರುಗಿತು. 1638ರಲ್ಲಿ ರಣದುಲ್ಲಾಖಾನನ ಸೈನ್ಯ ಕೆಂಪೇಗೌಡರ ವಂಶದ ಕೈಯಿಂದ ಬೆಂಗಳೂರು ಕಿತ್ತುಕೊಂಡಿತು. ಅದು ಶಹಾಜಿ ಭೋಸಲೆಗೆ ಜಹಗೀರಾಯಿತು. ಆದಿಲಶಾಹಿ ರಾಜ್ಯ ಅತಿ ದೊಡ್ಡದಾಗಿ ಬೆಳೆದದ್ದು ಇವನ ಕಾಲದಲ್ಲೇ.

ಇನ್ನು ಗುಮ್ಮಟದ ಮಾತು. ತಂದೆಯ ಇಬ್ರಾಹಿಂ ರೋಜಾ ಕುಸುರಿ ಕೆಲಸಕ್ಕೆ ಹೆಸರಾದದ್ದು. ನಾಜೂಕಿನಲ್ಲಿ ಅದನ್ನು ಮೀರೋದು ಆಗದ ಮಾತು, ಅದಕ್ಕೇ ಮಗ ಗಾತ್ರದಲ್ಲಿ ಮೀರಿಸಿದ ಅಂತ ಊರಿನ ಹಿರಿಯರು ಹೇಳ್ತಾರೆ. ಒಳಗೆ 18 ಸಾವಿರ ಚದರ ಅಡಿಗೂ ಮಿಕ್ಕಿದ ಜಾಗ, ನಡುವೆ ಒಂದೇ ಒಂದು ಕಂಬ ಇಲ್ಲ! ಒಂದನ್ನೊಂದು ಹಾಯ್ದ ಎಂಟು ಕಮಾನುಗಳೇ ಇಡೀ ಭಾರ ಹೊತ್ತಿವೆ. ಮೇಲಿನ ಸುತ್ತುಗಟ್ಟೆಯಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ.

ರಂಭೆಯ ಕಥೆ ಹುಟ್ಟಿದ್ದೂ ಇಲ್ಲೇ. ಆಕೆ ಸುಲ್ತಾನನ ಮೆಚ್ಚಿನ ನರ್ತಕಿ. ನನ್ನ ಮೇಲೆ ಪ್ರೀತಿ ಇದ್ದರೆ ಇಲ್ಲಿಂದ ಹಾರುತ್ತೀಯಾ ಅಂತ ಸುಲ್ತಾನ ತಮಾಷೆಗೆ ಕೇಳಿದನಂತೆ. ಆಕೆ ಹಿಂದೆಮುಂದೆ ನೋಡದೆ ಹಾರಿಯೇ ಬಿಟ್ಟಳಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಆದರೆ ಗೋರಿ ಸುಳ್ಳಲ್ಲ. ಸುಲ್ತಾನ, ಇಬ್ಬರು ರಾಣಿಯರು, ಮಗಳು, ಮೊಮ್ಮಗ, ಇವರ ಸಾಲಿನಲ್ಲೇ ರಂಭೆಗೂ ಜಾಗ ಸಿಕ್ಕಿದೆ. ಕುಣಿಯುವ ಹೆಂಗಸಿಗೆ ರಾಣಿಯರ ಪಕ್ಕ ಗೋರಿ ಅಂದರೆ ಆ ಕಾಲಕ್ಕೆ ಸಣ್ಣ ಮಾತೇ? ಕಟ್ಟೆಯ ಮೇಲೆ ಕಾಣುವವು ಬರೀ ಗುರುತಿನ ಗೋರಿಗಳು. ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಕಥೆಯ ಸದ್ದಿನಲ್ಲಿ ಮುಚ್ಚಿಹೋದ ಕೆಲಸ ಇನ್ನೊಂದಿದೆ. ಕೊನೆಯ ಹತ್ತು ವರ್ಷ ಸುಲ್ತಾನ ಕಾಯಿಲೆ ಬಿದ್ದ. ರಾಜ್ಯದ ಕಾರುಬಾರು ಬಹಳಮಟ್ಟಿಗೆ ರಾಣಿ ಬಡೀ ಸಾಹೇಬಾ ಕೈಗೆ ಹೋಯಿತು. ಅದೇ ಕಾಲದಲ್ಲಿ, 1651ರಲ್ಲಿ, ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಜಹಾನ್ ಬೇಗಂ ನೆನಪಿನ ಕೆರೆ ಅದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಕೊಳವೆ ಕೆಲವು ಕಡೆ 15 ಅಡಿ, ಕೆಲವು ಕಡೆ 50 ಅಡಿ ಆಳದಲ್ಲಿ, ಸುತ್ತ ಗಾರೆ ಕಟ್ಟಡ. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು ಅಂತ ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗಂಜ್ ಎಂಬ ಗೋಪುರಗಳು. ಕಸ, ರಾಡಿ ಗಂಜಿನ ತಳದಲ್ಲಿ ಕೂತು, ತಿಳಿನೀರು ಮುಂದೆ ಹರಿಯುತ್ತಿತ್ತು. ಮೋಟಾರಿಲ್ಲ, ಕರೆಂಟಿಲ್ಲ!

1656ರಲ್ಲಿ ಸುಲ್ತಾನ ಕಣ್ಣುಮುಚ್ಚಿದ. ಗುಮ್ಮಟದ ಗಿಲಾವು ಕೆಲಸ ಅರ್ಧಕ್ಕೇ ನಿಂತಿತು. ಸರಿಯಾಗಿ 30 ವರ್ಷಕ್ಕೆ, 1686ರಲ್ಲಿ, ಔರಂಗಜೇಬ ಬಂದು ಆದಿಲಶಾಹಿಯನ್ನೇ ಮುಗಿಸಿದ.

ವಿಜಾಪುರ ಈಗ ವಿಜಯಪುರ. ಹಳೆಯ ಗಂಜ್‌ಗಳು ಕೆಲವು ಇಂದಿಗೂ ನಿಂತಿವೆ. ಪಕ್ಕದಲ್ಲೇ ಹಾದುಹೋಗುವ ಎಷ್ಟೋ ಜನಕ್ಕೆ ಅವು ಯಾತಕ್ಕೆ ಅಂತಲೇ ಗೊತ್ತಿಲ್ಲ. ಪರಊರಿನ ನೆಂಟರಿಗೆ ಗುಮ್ಮಟ ತೋರಿಸುವವರು ಒಂದು ಗಂಜನ್ನೂ ತೋರಿಸಲಿ. ರಂಭೆಯ ಕಥೆ ಹೇಳಿ ಮುಗಿದ ಮೇಲೆ ನೀರಿನ ಕಥೆಯನ್ನೂ ಹೇಳಲಿ.